ಬಿಳಿತಗ್ಗಿನ ಪೈಲವಾನ

ರಾಯಬಾಗದ ಕುಸ್ತಿ ಕಣದಲ್ಲಿ ಭೀಮಸಿಯ ಮೊಣಕಾಲು ತಿರುಚಿಕೊಂಡಾಗ ಆದ ಸದ್ದು ಮುಂದಿನ ಸಾಲಿನಲ್ಲಿ ಕೂತವರಿಗೂ ಕೇಳಿಸಿತಂತೆ. ಸಾಂಗಲಿ ಕಡೆಯ ಜಟ್ಟಿ ಅವನನ್ನು ಚಿತ್ ಮಾಡಿ, ತೊಡೆ ತಟ್ಟಿ, ಜನರ ಹೆಗಲೇರಿ ಹೋದ. ಭೀಮಸಿ ಕೆಂಪು ಮಣ್ಣಿನಲ್ಲಿ ಬೆನ್ನು ಹಚ್ಚಿಕೊಂಡು ಮಲಗಿಯೇ ಇದ್ದ. ಆಗ ಕಣದೊಳಗೆ ಬಂದವನು ಅವನ ಧಣಿ ರಾವಸಾಹೇಬ. ಕೈ ಕೊಟ್ಟು ಎಬ್ಬಿಸಲು ಬಂದಿದ್ದಾನೆ ಎಂದು ಭೀಮಸಿ ಕೈ ಚಾಚಿದ. ರಾವಸಾಹೇಬ ಆ ಕೈಯನ್ನು ಒದ್ದ.

"ಇಷ್ಟು ವರ್ಷ ಹಾಲು ಬದಾಮಿ ತಿನ್ನಿಸಿದ್ದು ಇದಕ್ಕನ ಏನಲೇ, ಕುರಿ ಕಾಯಾಂವ್ನ?" ಎಂದು ಬಗ್ಗಿ, ಸಾವಿರಾರು ಜನರೆದುರು ಕಪಾಳಕ್ಕೆ ಬಾರಿಸಿದ. ಆಮೇಲೆ ಕಣದ ಅಂಚಿನಲ್ಲಿ ಬಿಚ್ಚಿಟ್ಟಿದ್ದ ಭೀಮಸಿಯ ಜರತಾರಿ ಪಟಕಾ ಎತ್ತಿಕೊಂಡು, ಪಕ್ಕದಲ್ಲಿ ನಿಂತಿದ್ದ ರಾಜಾರಾಮನ ತಲೆಗೆ ಸುತ್ತಿದ.

ರಾಜಾರಾಮ ಮುಗಳಖೋಡದವನು. ಇಬ್ಬರೂ ರಾವಸಾಹೇಬನ ಗರಡಿಮನೆಯಲ್ಲಿ, ಅವನ ತಾಲೀಮಿನಲ್ಲಿ ಒಟ್ಟಿಗೆ ಬೆಳೆದವರು. ಒಂದೇ ಗಂಗಾಳದಲ್ಲಿ ಉಂಡವರು, ಒಬ್ಬರ ಮೈಗೆ ಒಬ್ಬರು ಎಣ್ಣೆ ತಿಕ್ಕಿದವರು. ಪಟಕಾ ತಲೆಗೆ ಬಿದ್ದಾಗ ಅವನು ಭೀಮಸಿಯ ಕಡೆ ನೋಡಲಿಲ್ಲ. ಬೇಡ ಎನ್ನಲೂ ಇಲ್ಲ.

ಇದಾದದ್ದು ಎಂಬತ್ನಾಲ್ಕರಲ್ಲಿ. ಭೀಮಸಿ ಅಥಣಿ ತಾಲೂಕಿನ ಅನಂತಪುರಕ್ಕೆ, ತಾಯಿ ಕೆಂಪವ್ವನ ಗುಡಿಸಲಿಗೆ ಕುಂಟುತ್ತ ಮರಳಿದ. ಅವರದು ತಲೆಮಾರುಗಳಿಂದ ಕುರಿ ಕಾಯುವ ಮನೆತನ. ಒಮ್ಮೆ ಟಗರೊಂದನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಳ್ಳ ದಾಟಿಸುತ್ತಿದ್ದ ಹುಡುಗನನ್ನು ನೋಡಿಯೇ, ಅದೇ ಊರಲ್ಲಿ ದ್ರಾಕ್ಷಿ ತೋಟವಿದ್ದ ರಾವಸಾಹೇಬ ಅವನನ್ನು ತಾಲೀಮಿಗೆ ಕರೆದೊಯ್ದಿದ್ದು. ಈಗ ಮತ್ತೆ ಅದೇ ಕುರಿ, ಅದೇ ಬಯಲು. ಮೊಣಕಾಲು ಬರಬರುತ್ತ ಗಟ್ಟಿಯಾಯಿತು. ಕೆನ್ನೆಯ ಮೇಲಿನ ಏಟು ಮಾತ್ರ ಆರಲಿಲ್ಲ. ಕುರಿ ಮೇಯಿಸುತ್ತ ನಿಂತಲ್ಲೇ ಹಲ್ಲು ಕಡಿಯುತ್ತಿದ್ದ. ಒಂದು ಸಲ ಮಾತು ಕೇಳದ ಹೋತವನ್ನು ಕೋಲಿನಿಂದ ಹೊಡೆಯತೊಡಗಿದವನು ಅದು ಸತ್ತ ಮೇಲೂ ನಿಲ್ಲಿಸಲಿಲ್ಲ. ಕೆಂಪವ್ವ ಓಡಿ ಬಂದು ಕೋಲು ಕಿತ್ತುಕೊಂಡು ಅದೇ ಕೋಲಿನಿಂದ ಮಗನ ಬೆನ್ನಿಗೆ ಬಿಟ್ಟಳು.

"ಸಿಟ್ಟು ಇದ್ರ ಯಾರ ಮ್ಯಾಲ ಐತೋ ಅವರ ಹತ್ರ ಹೋಗು. ಮೂಕ ಪ್ರಾಣಿ ಏನ್ ಮಾಡಿತ್ತೋ ನಿನಗ?"

ಊರಿನ ಮೂಡಣಕ್ಕೆ ಬಿಳಿತಗ್ಗು ಅಂತ ಒಂದು ಜಾಗವಿತ್ತು. ಸುತ್ತಲ ಬಯಲಿನ ಮಳೆನೀರು ಹರಿದು ಬಂದು ನಿಲ್ಲುವ, ಮುಂದೆ ಹೋಗಲು ದಾರಿಯಿಲ್ಲದ ತಗ್ಗು. ಬೇಸಿಗೆಯಲ್ಲಿ ನೀರು ಆರಿ, ನೆಲವೆಲ್ಲ ಸುಣ್ಣ ಬಳಿದಂತೆ ಬಿಳಿ ಉಪ್ಪಿನ ಸವಳು ಏಳುತ್ತಿತ್ತು. ಹುಲ್ಲೂ ಹುಟ್ಟದ ಆ ಜಾಗಕ್ಕೆ ಎಂಬತ್ತಾರರ ಚಳಿಗಾಲದಲ್ಲಿ ಒಂದು ಜೀಪು, ಆಮೇಲೆ ಎರಡು ಡೇರೆ, ಆಮೇಲೆ ಲಾರಿಯ ಮೇಲೆ ಕೂಡಿಸಿದ ಬೋರು ಕೊರೆಯುವ ಮಶಿನ್ ಬಂದವು. ಮುಖ್ಯಸ್ಥನಾಗಿದ್ದವನು ಜ್ಞಾನದೇವ ಎಂಬ ನಿಪ್ಪಾಣಿ ಕಡೆಯ ಭೂಗರ್ಭ ಇಲಾಖೆಯ ಸಾಹೇಬ. ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಅವನ ಜನ ತಗ್ಗಿನ ಉದ್ದಕ್ಕೂ ಕಬ್ಬಿಣದ ಸಲಾಕೆ ಬಡಿದು, ತಂತಿ ಎಳೆದು, ನೆಲದೊಳಗೆ ಕರೆಂಟು ಬಿಟ್ಟು ನೋಡುತ್ತಿದ್ದರು. ಸುತ್ತಲಿನ ಬಾವಿಗಳಿಂದ ಸೀಸೆಗಳಲ್ಲಿ ನೀರು ತುಂಬಿಕೊಂಡು ಹೋಗುತ್ತಿದ್ದರು.

ಕಾವಲಿಗೆ ಆಳು ಬೇಕೆಂದು ಕೇಳಿ ಭೀಮಸಿ ಹೋದ. ಜ್ಞಾನದೇವ ಅವನ ಹೆಗಲು, ಕುತ್ತಿಗೆ, ಮುದುರಿದ ಕಿವಿ ನೋಡಿ ನಕ್ಕ.

"ಪೈಲವಾನ್ರು ಏನ್ರಿ ನೀವು?"

ಎರಡು ವರ್ಷದಿಂದ ಯಾರೂ ಹಾಗೆ ಕರೆದಿರಲಿಲ್ಲ. ಭೀಮಸಿ ಎದೆ ಸೆಟೆಸಿ ನಿಂತ. "ಹೌದ್ರಿ ಸಾಹೇಬ್ರ, ಇದ್ದೆ," ಎಂದ. ಆಮೇಲೆ ಮಶಿನ್ ಕಡೆ ನೋಡಿ, "ಇಲ್ಲೇನ್ ಹುಡಕಾಕತ್ತೀರಿ?" ಎಂದು ಕೇಳಿದ.

"ಲಿಥಿಯಂ ಅಂತ ಒಂದು ಹಗುರ ಲೋಹ. ಬ್ಯಾಟರಿಗೆ ಬೇಕಾಗತದ. ಪರದೇಶದಾಗ ಮರಳುಗಾಡಿನ ತಗ್ಗಿನ ಉಪ್ಪುನೀರಿನಾಗ ಸಿಕ್ಕದ. ಇಲ್ಲಿ ನೆಲದ ಕೆಳಗ ಉಪ್ಪುನೀರು ಅದ. ಅದರಾಗ ಆ ಲೋಹ ಅದನೋ ಇಲ್ಲೋ, ಇನ್ನೂ ನೋಡಬೇಕು."

ಊರಲ್ಲಿ ಮಾತ್ರ ಬಂಗಾರ ಸಿಕ್ಕಿದೆ ಎಂಬ ಸುದ್ದಿ. ಒಂದು ಸಂಜೆ ಮೂವರು ಬಂದು ಕೊರೆಯುವ ಪೈಪು ಕದಿಯಲು ನೋಡಿದರು. ಭೀಮಸಿ ಒಬ್ಬನ ಮಣಿಕಟ್ಟನ್ನು ಹಿಡಿದು ತಿರುವಿದ. ಎಲುಬು ಮುರಿದದ್ದು ಅಂಗೈಗೇ ತಿಳಿಯಿತು. ಇನ್ನೊಬ್ಬನ ಮುಖವನ್ನು ಸವಳಿಗೆ ಒತ್ತಿ, ಅವನ ಕಣ್ಣಿನಲ್ಲಿ ಉಪ್ಪು ತುಂಬಿ ಅಳುವ ತನಕ ಬಿಡಲಿಲ್ಲ. ಅವರು ಓಡಿಹೋದ ಮೇಲೆ ಪೈಪುಗಳನ್ನು ಮೊದಲಿನಂತೆ ಒಟ್ಟಿಟ್ಟ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಂತಾಗಿತ್ತು ಅವನಿಗೆ.

ಬೇಸಿಗೆಯ ಹೊತ್ತಿಗೆ ಬೋರಿನಲ್ಲಿ ನೀರು ಬಿತ್ತು. ನಾಲಿಗೆಗೆ ಹಚ್ಚಿದರೆ ಕಹಿ ಹತ್ತುವಷ್ಟು ಉಪ್ಪು. ನೀರು ಎಷ್ಟು ಬರುತ್ತದೆ, ಯಾವಾಗ ಇಳಿಯುತ್ತದೆ ಎಂದು ನೋಡಲು ಪಂಪು ಹಚ್ಚಿ ಬಿಡದೆ ಎತ್ತತೊಡಗಿದರು. ಎತ್ತಿದ ನೀರು ಹೊರಗೆ ಹೋಗಬೇಕಲ್ಲ? ಅದಕ್ಕೊಂದು ಕಾಲುವೆ ಕಡಿದು ಹಳ್ಳದ ಕಡೆ ಬಿಟ್ಟರು. ಆ ಕಾಲುವೆ ಹಾದುಹೋಗುತ್ತಿದ್ದದ್ದು ರಾವಸಾಹೇಬನ ದ್ರಾಕ್ಷಿ ತೋಟದ ಮೇಲ್ಗಡೆ. ನೀರು ಇಂಗಿ ಇಂಗಿ ಅವನ ಬಾವಿ ಸೇರಿತು.

ರಾವಸಾಹೇಬ ಕ್ಯಾಂಪಿಗೆ ಬಂದಾಗ ಕೈಯಲ್ಲಿ ಒಂದು ಹಿಡಿ ದ್ರಾಕ್ಷಿ ಎಲೆಗಳಿದ್ದವು. ಅಂಚೆಲ್ಲ ಬೆಂಕಿ ತಾಗಿದಂತೆ ಸುಟ್ಟಿತ್ತು. ಜ್ಞಾನದೇವನ ಮೇಜಿನ ಮೇಲೆ ಅವನ್ನು ಚೆಲ್ಲಿದ.

"ನಮ್ಮ ಬಾಂವ್ಯಾಗ ನಿಮ್ಮ ಉಪ್ಪುನೀರು ಬಂದೈತ್ರಿ. ಪಂಪ್ ಬಂದ್ ಮಾಡ್ರಿ."

"ಇನ್ನೊಂದೆರಡು ದಿನ ತಡೀರಿ ರಾವಸಾಹೇಬ್ರ. ನಡುವ ನಿಲ್ಲಿಸಿದ್ರ ಟೆಸ್ಟು ಪೂರಾ ವಾಯಾ ಹೋಗತದ."

"ನನ್ನ ತೋಟ ವಾಯಾ ಹೋದ್ರ ನಡೀತೈತೇನು?"

ಜ್ಞಾನದೇವ ಮೇಲಿನವರಿಗೆ ತಿಳಿಸುತ್ತೇನೆ ಎಂದಷ್ಟೇ ಹೇಳಿದ. ರಾವಸಾಹೇಬ ಹೊರಗೆ ಬಂದು, ಬಾಗಿಲ ಬಳಿ ನಿಂತಿದ್ದ ಭೀಮಸಿಯನ್ನು ನೋಡಿದ. "ನೀನಽ ಹೇಳೋ ಭೀಮ್ಯಾ. ನನ್ನ ಅನ್ನ ತಿಂದಾಂವ ನೀ," ಎಂದ. ದನಿ ತಗ್ಗಿತ್ತು. ಭೀಮಸಿ ಪಕ್ಕಕ್ಕೆ ಉಗುಳಿದ.

ಕೆಂಪವ್ವನೂ ಹೇಳಿದಳು. "ಸಾವ್ಕಾರ ಸುಳ್ಳು ಹೇಳಾಕತ್ತಿಲ್ಲೋ. ಅವನ ಬಾಂವಿ ನೀರು ಕುರಿ ಮೂಸಿ ನೋಡಿ ಬಿಟ್ಟಾವು. ಸಾಹೇಬ್ಗ ಒಂದು ಮಾತು ಹೇಳು. ನಿನ್ನ ಮಾತು ಕೇಳ್ತಾನ."

"ಒಣಗ್ಲಿ ಬಿಡಬೇ," ಎಂದ ಭೀಮಸಿ. "ಬಳ್ಳಿ ಒಣಗೂದು ನಾ ಕಣ್ಣಾರೆ ನೋಡಬೇಕು."

ಮರುದಿನ ಉರಿಬಿಸಿಲಿನ ಮಧ್ಯಾಹ್ನ ರಾವಸಾಹೇಬನ ಜನ ಬಂದರು. ಐದಾರು ಜನ, ಕೈಯಲ್ಲಿ ಬಡಿಗೆ, ಗುದ್ದಲಿ, ಒಬ್ಬನ ಹತ್ತಿರ ಕೊಡಲಿ. ಮುಂದೆ ರಾಜಾರಾಮ. ಜ್ಞಾನದೇವ ಜೀಪು ಹತ್ತಿ ಅಥಣಿಗೆ ಪೊಲೀಸರನ್ನು ಕರೆತರಲು ಹೋದ. ಹೋಗುವಾಗ ಭೀಮಸಿಗೆ ಏನೂ ಹೇಳಲಿಲ್ಲ. ಮಶಿನ್ ನಡೆಸುವ ಇಬ್ಬರು ಡೇರೆಯ ಹಿಂದೆ ಓಡಿದರು. ಬಿಳಿ ನೆಲದ ಝಳಕ್ಕೆ ಕಣ್ಣು ಬಿಡಲಾಗುತ್ತಿರಲಿಲ್ಲ. ಪಂಪು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

"ಬಾಜೂಕ ಸರಿ ಭೀಮ್ಯಾ," ಎಂದ ರಾಜಾರಾಮ. "ಪಂಪ್ ಅಷ್ಟ ಒಡದು ಹೋಗ್ತೀವಿ. ನಿನ್ನ ಮೈ ಮುಟ್ಟೂದಿಲ್ಲ."

ಸರಿಯಬಹುದಿತ್ತು. ಸರಿದಿದ್ದರೆ ಯಾರೂ ಅವನನ್ನು ಹೇಡಿ ಎನ್ನುತ್ತಿರಲಿಲ್ಲ. ಒಬ್ಬನೇ ಇದ್ದ, ಮೊಣಕಾಲು ನೆಟ್ಟಗಿರಲಿಲ್ಲ. ಆದರೆ ರಾಜಾರಾಮ ತಲೆಗೆ ಅದೇ ಜರತಾರಿ ಪಟಕಾ ಸುತ್ತಿಕೊಂಡಿದ್ದ. ಭೀಮಸಿಗೆ ಪಂಪೂ ಕಾಣಲಿಲ್ಲ, ಕೊಡಲಿಯೂ ಕಾಣಲಿಲ್ಲ.

"ನೀನಽ ಸರಸು ಬಾ," ಎಂದ.

ಮೊದಲ ಬಡಿಗೆ ಹೆಗಲಿಗೆ ಬಿತ್ತು. ಅದನ್ನು ಬೀಸಿದವನ ಮೂಗನ್ನು ಭೀಮಸಿ ಹಣೆಯಿಂದ ಗುದ್ದಿ ಒಡೆದ. ಗುದ್ದಲಿ ಹಿಡಿದವನು ಬಗ್ಗಿ ಬೀಸಿದ ಪೆಟ್ಟು ಎಡಗೈಗೆ ಬಿದ್ದು ಎರಡು ಬೆರಳು ಜಜ್ಜಿಹೋದವು. ಭೀಮಸಿ ಅದೇ ಕೈಯಿಂದ ಅವನ ಕತ್ತು ಹಿಡಿದು, ಓಡುತ್ತಿದ್ದ ಪಂಪಿನ ಸುಡುವ ಹೊಗೆಕೊಳವೆಗೆ ಕೆನ್ನೆ ಒತ್ತಿದ. ಚರ್ಮ ಸುಟ್ಟ ವಾಸನೆ ಬಂತು. ಆ ಕಿರುಚಾಟ ಕೇಳಿ ಕೊಡಲಿಯವನು ಕೊಡಲಿ ಚೆಲ್ಲಿ ಓಡಿದ. ಉಳಿದವರು ಹಿಂದಕ್ಕೆ ಸರಿದರು. ನಡುವೆ ಇಬ್ಬರೇ ಉಳಿದರು.

ಒಬ್ಬರ ಡಾವು, ಪಟ್ಟು ಎಲ್ಲ ಇನ್ನೊಬ್ಬರಿಗೆ ಬಾಯಿಪಾಠ. ರಾಜಾರಾಮ ಕೆಟ್ಟ ಮೊಣಕಾಲಿಗೇ ಒದ್ದ. ಭೀಮಸಿ ಬಿದ್ದ. ಬಿದ್ದವನ ಮೇಲೆ ಕೂತು ರಾಜಾರಾಮ ಕಿವಿಯನ್ನು ಹಲ್ಲಿನಿಂದ ಹಿಡಿದು ಎಳೆದ. ಅರ್ಧ ಕಿವಿ ಕಿತ್ತು ಬಂತು. ರಕ್ತ ಬಿಳಿ ನೆಲಕ್ಕೆ ಸಿಡಿಯಿತು. ಭೀಮಸಿ ಅವನ ಸೊಂಟಕ್ಕೆ ಕೈ ಹಾಕಿ ಹೊರಳಿ ಎದ್ದ. ಎದ್ದವನು ರಾಜಾರಾಮನ ತೋಳನ್ನು ಹೆಗಲ ಮೇಲೆ ಎಳೆದುಕೊಂಡು, ಬೆನ್ನ ಮೇಲಿಂದ ಅವನನ್ನು ಅಗಸರು ಬಟ್ಟೆ ಒಗೆದಂತೆ ಎತ್ತಿ ಒಗೆದ. ತಾಲೀಮಿನಲ್ಲಿ ನೂರಾರು ಸಲ ಹಾಗೆ ಒಗೆದಿದ್ದ. ಅಲ್ಲಿ ಬೀಳುವವನಿಗೆ ಎಣ್ಣೆ, ಮಜ್ಜಿಗೆ ಬೆರೆಸಿ ಹದ ಮಾಡಿದ ಮಣ್ಣು ಇರುತ್ತಿತ್ತು. ಇಲ್ಲಿ ಇದ್ದದ್ದು ಒಟ್ಟಿಟ್ಟ ಕಬ್ಬಿಣದ ಪೈಪು.

ಬಿದ್ದ ರಾಜಾರಾಮ ಕೂಗಲಿಲ್ಲ. ಕೈ ಊರಿ ಏಳಲು ನೋಡಿದ. ಎದೆ ಮೇಲೆದ್ದಿತು, ಸೊಂಟದ ಕೆಳಗೆ ಏನೂ ಅಲುಗಲಿಲ್ಲ. ತನ್ನ ಕಾಲುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದ. ಆಮೇಲೆ ಭೀಮಸಿಯನ್ನು ನೋಡಿ, "ಏನ್ ಮಾಡಿದ್ಯೋ?" ಎಂದ.

ಭೀಮಸಿ ಪಂಪಿನ ಹತ್ತಿರ ಹೋಗಿ, ತಾನೇ ಅದನ್ನು ನಿಲ್ಲಿಸಿದ. ಪೊಲೀಸರು ಬರುವ ತನಕ ರಾಜಾರಾಮನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಿವಿಯ ರಕ್ತ ತೊಟ್ಟಿಕ್ಕಿ ಅವನ ಮುಖದ ಮೇಲೆ ಬೀಳುತ್ತಿತ್ತು. ಒರೆಸಿದಷ್ಟೂ ಬೀಳುತ್ತಿತ್ತು.

ಕೋರ್ಟಿನಲ್ಲಿ ಜ್ಞಾನದೇವ, "ಹೊಡಿ ಅಂತ ನಾವು ಹೇಳಿಲ್ಲ," ಎಂದ. ಅದು ನಿಜವೇ. ರಾವಸಾಹೇಬನೂ, "ಮಂದಿ ಹೊಡೀರಿ ಅಂತ ನಾ ಕಳಿಸಿಲ್ಲ," ಎಂದ. ಅದೂ ಇರಬಹುದು. ಭೀಮಸಿಯನ್ನು ಕೇಳಿದಾಗ, "ನಾನಽ ಒಗದೇನ್ರಿ. ಪೈಪು ಇದ್ದದ್ದು ಗೊತ್ತಿತ್ತು," ಎಂದ. ಅವನ ವಕೀಲ ತಲೆ ಹಿಡಿದುಕೊಂಡು ಕೂತ. ಕೇಸು ಮುಗಿಯುವ ಹೊತ್ತಿಗೆ ಬಿಳಿತಗ್ಗಿನಲ್ಲಿ ಡೇರೆಯೂ ಇರಲಿಲ್ಲ, ಮಶಿನ್ನೂ ಇರಲಿಲ್ಲ. ಪ್ರಯೋಗಶಾಲೆಗೆ ಹೋಗಿದ್ದ ನೀರಿನಲ್ಲಿ ಆ ಲೋಹ ಇತ್ತಂತೆ, ಆದರೆ ತೆಗೆಯುವಷ್ಟು ಇರಲಿಲ್ಲವಂತೆ. ಬೋರಿನ ಬಾಯಿಗೆ ಸಿಮೆಂಟು ಮೆತ್ತಿ ಹೋಗಿದ್ದರು. ರಾವಸಾಹೇಬ ಒಣಗಿದ ಬಳ್ಳಿಗಳನ್ನು ಕೀಳಿಸಿ ಬೆಂಕಿ ಹಚ್ಚಿಸಿದ.

ಜೈಲಿನಲ್ಲಿ ಮೊದಲ ವರ್ಷ ಭೀಮಸಿ ಯಾರು ಕೆಣಕಿದರೂ ಹೊಡೆದಾಡಿದ. ಆಮೇಲೊಂದು ದಿನ ಊಟದ ಸಾಲಿನಲ್ಲಿ ಒಬ್ಬ ಅವನ ಹರಿದ ಕಿವಿಗೆ ಹೊಡೆದ. ಭೀಮಸಿಯ ಕೈ ತಾನಾಗಿ ಅವನ ಸೊಂಟಕ್ಕೆ ಹೋಯಿತು, ಎತ್ತಿತು. ಎತ್ತಿದವನನ್ನು ಗಾಳಿಯಲ್ಲೇ ಹಿಡಿದು ನಿಂತ. ಕೆಳಗೆ ಕಲ್ಲುಚಪ್ಪಡಿಯ ನೆಲವಿತ್ತು. ಮೆಲ್ಲಗೆ ಇಳಿಸಿದ. ಇಳಿದವನು ಮತ್ತೆ ಹೊಡೆದ, ವಾರ್ಡರುಗಳು ಬಂದು ಬಿಡಿಸುವ ತನಕ ಹೊಡೆದ. ಆ ದಿನದಿಂದ ಭೀಮಸಿ ಯಾರ ಮೈಮೇಲೂ ಕೈ ಎತ್ತಲಿಲ್ಲ.

ತೊಂಬತ್ನಾಲ್ಕರಲ್ಲಿ ಹೊರಗೆ ಬಂದಾಗ ಕೆಂಪವ್ವನ ಕಣ್ಣು ಮಂಜಾಗಿದ್ದವು. ಮಗನ ಮುಖವನ್ನು ಕೈಯಿಂದ ಸವರಿ ಗುರುತು ಹಿಡಿದಳು. ರಾಜಾರಾಮ ಬದುಕಿದ್ದಾನೆಯೇ ಎಂದು ಅವನು ಕೇಳಿದ.

"ಅದಾನ. ಹಾಸಿಗಿ ಮ್ಯಾಲ ಅದಾನ. ಹೋಗಬ್ಯಾಡೋ, ಕೊಂದ ಬಿಡ್ತಾರ ನಿನ್ನ."

ಅವನು ಹೋದ. ಮುಗಳಖೋಡದ ಆ ಮನೆಯ ಅಂಗಳದಲ್ಲಿ ರಾಜಾರಾಮನ ಹೆಂಡತಿ ಗೌರಾಬಾಯಿ ಖಾರ ಕುಟ್ಟುತ್ತಿದ್ದಳು. ಹರಿದ ಕಿವಿ ನೋಡಿದ್ದೇ ತಡ, ಯಾರು ಎಂದು ಕೇಳಲೂ ಇಲ್ಲ. ಒನಕೆ ಎತ್ತಿಕೊಂಡು ಬಂದು ಹೊಡೆದಳು. ಹೆಗಲಿಗೆ, ಪಕ್ಕೆಗೆ, ಮೊಣಕಾಲಿಗೆ. ಭೀಮಸಿ ತಲೆಗೆ ಮಾತ್ರ ಕೈ ಅಡ್ಡ ಇಟ್ಟುಕೊಂಡು ನಿಂತ. ಖಾರ ಹತ್ತಿದ ಒನಕೆ ಬಿದ್ದ ಕಡೆಯೆಲ್ಲ ಉರಿಯುತ್ತಿತ್ತು. ಅವಳು ದಣಿದು, ಒನಕೆ ಕೈಬಿಟ್ಟು, ಕಟ್ಟೆಯ ಮೇಲೆ ಕುಸಿದು ಅತ್ತಳು.

ಒಳಗಿನಿಂದ ದನಿ ಬಂತು. "ಬಿಡ ಅವನ್ನ. ಒಳಗ ಕಳಸು."

ರಾಜಾರಾಮ ಹೊರಸಿನ ಮೇಲೆ ಗೋಡೆಗೆ ಒರಗಿದ್ದ. ಕಾಲು ಬಡಿಗೆಯಂತೆ ಸಣ್ಣಗಾಗಿದ್ದವು. ತೋಳು, ಎದೆ ಮಾತ್ರ ಹಾಗೇ ಇದ್ದವು. ಸೂರಿಗೆ ಕಟ್ಟಿದ ಹಗ್ಗ ಹಿಡಿದು ದಿನವೂ ಮೈ ಎತ್ತುತ್ತಿದ್ದನೇನೋ.

"ಹತ್ರ ಬಾ," ಎಂದ. ಭೀಮಸಿ ಹತ್ತಿರ ಹೋಗಿ ಬಗ್ಗಿದ. ರಾಜಾರಾಮ ಎರಡೂ ಕೈಯಿಂದ ಅವನ ಗಂಟಲು ಹಿಡಿದ.

ಹಿಡಿತ ಇಕ್ಕಳದ ಹಾಗಿತ್ತು. ಭೀಮಸಿ ಸುಮ್ಮನಿದ್ದ. ಕಣ್ಣು ಕತ್ತಲೆಗಟ್ಟಿತು, ಕಿವಿಯಲ್ಲಿ ಗುಂಯ್ ಎಂದಿತು. ಇದಕ್ಕೇ ಬಂದಿದ್ದೆ ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ ಎದೆ ಉಸಿರಿಗಾಗಿ ಒದ್ದಾಡಿತು. ಮಂಜುಗಣ್ಣಿನ ಮುದುಕಿಯೊಬ್ಬಳು ಊರಲ್ಲಿ ಕಾಯುತ್ತಿದ್ದಳು. ಅವನಿಗೆ ಬದುಕಬೇಕಿತ್ತು. ಜಜ್ಜಿದ ಬೆರಳುಗಳ ಎಡಗೈಯನ್ನೂ ಬಲಗೈಯನ್ನೂ ಎತ್ತಿ, ರಾಜಾರಾಮನ ಬೆರಳುಗಳನ್ನು ಒಂದೊಂದಾಗಿ, ಒಂದನ್ನೂ ಮುರಿಯದಂತೆ, ಬಿಡಿಸಿದ. ಆಮೇಲೆ ನೆಲಕ್ಕೆ ಕೂತು ಕೆಮ್ಮಿದ. ರಾಜಾರಾಮನೂ ಏದುಸಿರು ಬಿಡುತ್ತಿದ್ದ.

ಗೌರಾಬಾಯಿ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು.

"ನಾಳೆ ಬಾ," ಎಂದ ರಾಜಾರಾಮ. "ನಾಳೆನೂ ಬಿಡೂದಿಲ್ಲ ನಿನ್ನ."

"ಬರ್ತೀನಿ," ಎಂದ ಭೀಮಸಿ.

ಮರುದಿನ ಮೊದಲ ಬಸ್ಸಿಗೆ ಹೋದ. ಅದರ ಮರುದಿನವೂ ಹೋದ. ರಾಜಾರಾಮ ಕೆಲವು ದಿನ ಕುತ್ತಿಗೆಗೆ ಕೈ ಹಾಕುತ್ತಿದ್ದ, ಕೆಲವು ದಿನ ಬೈಯುತ್ತಿದ್ದ, ಕೆಲವು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಮಳೆಗಾಲ ಹಿಡಿಯುವ ಮುಂಚೆ ಒಂದು ಮುಂಜಾನೆ ಗೌರಾಬಾಯಿ ಎಣ್ಣೆಯ ಬಟ್ಟಲು ತಂದು ಭೀಮಸಿಯ ಮುಂದೆ ಕುಕ್ಕಿದಳು. ಅವನು ರಾಜಾರಾಮನ ಸತ್ತ ಕಾಲುಗಳಿಗೆ ಎಣ್ಣೆ ತಿಕ್ಕತೊಡಗಿದ. ರಾಜಾರಾಮ ಮೇಲಿಂದ ಅವನ ತಲೆಗೆ ಒಂದು ಗುದ್ದಿದ.

"ಮೆತ್ತಗ ತಿಕ್ಕಬ್ಯಾಡಲೇ," ಎಂದ. "ಜೋರ್ ಹಾಕು."