ತಂಗಡಗಿ ಹೊಳೆಯಲ್ಲಿ ಟ್ರೋಲಿಂಗ್ ಮೋಟಾರು

1975ರಲ್ಲಿ ನಾನು ಮುದ್ದೇಬಿಹಾಳದಲ್ಲಿ ಮೀನುಗಾರಿಕೆ ಮೇಲ್ವಿಚಾರಕನಾಗಿದ್ದೆ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳನ್ನು ಇಂಡಿ, ಸಿಂದಗಿ ಕಡೆಯ ಕೆರೆಗಳಲ್ಲಿ ಕಳೆದಿದ್ದೆ. ತಾಂಬಾದಲ್ಲಿ, ಯಂಕಂಚಿಯಲ್ಲಿ ಮೊಣಕಾಲುದ್ದ ನೀರಿಗಿಳಿದು ಮೀನುಮರಿ ಬಿಡಿಸುವುದು, ಬೇಸಿಗೆಯಲ್ಲಿ ಅವು ಬದುಕಿದವೋ ಸತ್ತವೋ ನೋಡಿ ವರದಿ ಬರೆಯುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಮುದ್ದೇಬಿಹಾಳಕ್ಕೆ ಬಂದ ಮೇಲೆ ಮೊದಲ ಬಾರಿಗೆ ಕೃಷ್ಣೆ ನನ್ನ ಪಾಲಿಗೆ ಬಂದಳು. ಕೆರೆ ನಿಂತಲ್ಲೇ ನಿಂತಿರುತ್ತದೆ. ಹೊಳೆ ಹಾಗಲ್ಲ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಅಷ್ಟೇ.

ಆ ವರ್ಷ ದೀಪಾವಳಿಗೆ ಸ್ವಲ್ಪ ಮೊದಲು ತಂಗಡಗಿಯ ಹೊಳೆದಂಡೆಯಲ್ಲಿ ಮೀನುಗಾರಿಕೆ ಸಲಕರಣೆಗಳ ಪ್ರದರ್ಶನ ಏರ್ಪಾಡಾಯಿತು. ಮುಂಬಯಿಯ ಒಂದು ಕಂಪನಿ ತನ್ನ ಹೊಸ ಸಾಮಾನುಗಳನ್ನು ಲಾರಿಯಲ್ಲಿ ತಂದು ತಗಡಿನ ಚಪ್ಪರದ ಕೆಳಗೆ ಜೋಡಿಸಿತ್ತು: ನೈಲಾನ್ ಬಲೆಗಳು, ತಗಡಿನ ಡಬ್ಬಿಗಳಲ್ಲಿ ಗಾಳಗಳು, ದಾರ ಸುತ್ತುವ ರೀಲುಗಳು, ಎಲ್ಲಕ್ಕಿಂತ ಮುಂದೆ ಮೇಜಿನ ಮೇಲೆ ಎರಡು ಮೋಟಾರುಗಳು. ದೋಣಿಯನ್ನು ನಿಧಾನವಾಗಿ ಓಡಿಸುತ್ತ, ಹಿಂದೆ ಗಾಳದ ದಾರಗಳನ್ನು ನೀರಿನಲ್ಲಿ ಎಳೆದುಕೊಂಡು ಹೋಗಿ ಮೀನು ಹಿಡಿಯುವುದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಆ ನಿಧಾನದ ಓಟಕ್ಕೆಂದೇ ಮಾಡಿದ ಸಣ್ಣ ಮೋಟಾರುಗಳವು. ದೋಣಿಯ ಹಿಂಬದಿಯ ಹಲಗೆಗೆ ಕಚ್ಚಿಸಿ, ಹಗ್ಗ ಎಳೆದು ಚಾಲೂ ಮಾಡಿದರೆ, ನೀರೊಳಗಿನ ಪಂಖ ತಿರುಗಿ ದೋಣಿಯನ್ನು ತಳ್ಳುತ್ತಿತ್ತು.

ಇಂಡಿ, ಬಸವನ ಬಾಗೇವಾಡಿಯಿಂದಲೂ ಜನ ಬಂದಿದ್ದರು. ಮೀನಿಗೆ ಆಸೆ ಹುಟ್ಟಿಸಲು ಗಾಳದ ಮೇಲೆ ಕಟ್ಟುವ ಹೊಳೆಯುವ ತಗಡಿನ ಚಮಚವನ್ನು ಕೈಯಲ್ಲಿ ಹಿಡಿದು ಒಬ್ಬ ಅಜ್ಜ ಕೇಳಿದ: “ಚಮಚಾ ಕೊಟ್ಟೀರಿ, ಊಟಾ ಎಲ್ಲೈತ್ರಿ? ನಮ್ಮ ಹೊಳಿ ಮೀನು ಬರೇ ಚಮಚಾ ನೆಕ್ಕಾಂಗಿಲ್ಲ.” ಚಪ್ಪರವೆಲ್ಲ ನಕ್ಕಿತು. ಕಂಪನಿಯ ಪ್ರತಿನಿಧಿ ಸಾವಂತರೂ ನಕ್ಕರು. ರತ್ನಾಗಿರಿ ಕಡೆಯವರು, ಸಮುದ್ರದಲ್ಲಿ ಬೆಳೆದವರು, ಮರಾಠಿ ಬೆರೆತ ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತಿದ್ದರು. “ಅಜ್ಜಾ, ಮಧ್ಯಾಹ್ನ ಬರ್ರಿ. ಮೋಟಾರ ಓಡಿಸಿ ತೋರಸ್ತೇನಿ. ಮೀನ ತಾನಾಗಿ ಹಾರಿ ದೋಣಿಗೆ ಬರ್ತದ” ಎಂದರು.

ಮೋಟಾರು ಕಟ್ಟಲು ಹರಿಗೋಲು ನಡೆಯುವುದಿಲ್ಲ. ಬುಟ್ಟಿಯಂತೆ ದುಂಡಗಿರುವ ಅದು ಇದ್ದಲ್ಲೇ ಗಿರಗಿರ ತಿರುಗುತ್ತದೆ. ಹಾಗಾಗಿ ಒಂದು ಹಲಗೆಯ ದೋಣಿ ತರಿಸಿದ್ದರು. ದೋಣಿಯ ಹುಟ್ಟುಗಳನ್ನು ಸಾವಂತರು ದಂಡೆಯಲ್ಲೇ ಇಡಿಸಿದರು. ಹುಟ್ಟು ಕಂಡರೆ ಮೋಟಾರನ್ನು ಯಾರು ನಂಬುತ್ತಾರೆ ಎಂಬುದು ಅವರ ಲೆಕ್ಕ.

ತಂಗಡಗಿಯ ಅಂಬಿಗರಲ್ಲಿ ಯಮನಪ್ಪ ಹಿರಿಯ. ಅವನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹೊಸ ಹರಿಗೋಲು ಮೊದಲ ಸಲ ಹೊಳೆಗೆ ಇಳಿದಾಗ ಮನೆಯ ಸೊಸೆ ಅದರಲ್ಲಿ ಕುಳಿತು ನಡುಹೊಳೆಗೆ ಹೋಗಿ ಗಂಗವ್ವನಿಗೆ ಉಡಿ ತುಂಬಬೇಕು, ಹಸಿರು ಸೀರೆ ಉಡಿಸಬೇಕು. ಸೀರೆಯ ಒಂದು ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡು, ಉಳಿದದ್ದನ್ನು ನೀರಿಗೆ ಬಿಡುತ್ತ ಹೋಗಿ, ನಡುಹೊಳೆಯಲ್ಲಿ ಗಂಟು ಬಿಚ್ಚಿ ಪೂರ್ತಿ ಒಪ್ಪಿಸುವುದು. ಹರಿಗೋಲು ನೀರಿನ ಜೊತೆಗೇ ತೇಲುವುದರಿಂದ ಸೀರೆಯೂ ಪಕ್ಕದಲ್ಲೇ ಮೆಲ್ಲಗೆ ತೇಲುತ್ತದೆ. ತಲೆಮಾರುಗಳಿಂದ ಯಾವ ಅಪಾಯವೂ ಆಗಿರಲಿಲ್ಲ. ಮೋಟಾರಿನ ಈ ದೋಣಿಯೂ ತಮ್ಮ ಹೊಳೆಗೆ ಹೊಸದು, ಉಡಿ ತುಂಬದೆ ಬಿಡಬಾರದು ಎಂದು ಯಮನಪ್ಪ ಹಟ ಹಿಡಿದ. ಉಡಿ ತುಂಬುವಾಗ ಕೊಯ್ಯುವ ಕಬ್ಬಿಣ ಜೊತೆಗಿರಬಾರದು ಎಂಬುದೂ ಆ ಪದ್ಧತಿಯಲ್ಲಿತ್ತು. ಯಮನಪ್ಪ ತನ್ನ ಚೂರಿಯನ್ನು ದಂಡೆಯಲ್ಲಿ ಬಿಟ್ಟ. ಸಾವಂತರ ರಿಪೇರಿ ಹತ್ಯಾರದ ಪೆಟ್ಟಿಗೆಯನ್ನೂ ದೋಣಿಯಿಂದ ಇಳಿಸಿ ಆ ಜಾಗದಲ್ಲಿ ಉಡಿಯ ಬುಟ್ಟಿ ಇಟ್ಟ.

“ಮೋಟಾರೂ ಕಬ್ಬಿಣಾನೇ ಅಲ್ಲ ಯಮನಪ್ಪಾ?” ಎಂದು ಸಾವಂತರು ಚೇಷ್ಟೆ ಮಾಡಿದರು.

“ಅದು ಕೊಯ್ಯೂದಿಲ್ಲಲ್ರಿ” ಎಂದ ಯಮನಪ್ಪ. ಅದೂ ಸರಿ ಎನಿಸಿತು, ಎಲ್ಲರಿಗೂ.

ದೋಣಿಯಲ್ಲಿ ನಾವು ನಾಲ್ವರು. ಹಿಂಬದಿಯಲ್ಲಿ ಮೋಟಾರಿನ ಬಳಿ ಸಾವಂತರು, ಅವರ ಪಕ್ಕ ಯಮನಪ್ಪನ ಸೊಸೆ ಕಾಶವ್ವ, ಮುಂದೆ ಯಮನಪ್ಪ ಮತ್ತು ನಾನು. ಮೋಟಾರು ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ದಂಡೆಯಿಂದ ಸಿಳ್ಳೆ, ಚಪ್ಪಾಳೆ. ಮಹಾಬಳೇಶ್ವರದ ಕಡೆ ತಡವಾಗಿ ಮಳೆಯಾಗಿ ಹೊಳೆ ಇನ್ನೂ ಕೆಂಪಾಗಿತ್ತು, ಸೆಳೆತವೂ ಇತ್ತು. ಆದರೂ ದೋಣಿ ಆ ಸೆಳೆತವನ್ನು ಅಡ್ಡ ಹಾಯ್ದು ಸಲೀಸಾಗಿ ನಡುಹೊಳೆಗೆ ಬಂತು. ಕಾಶವ್ವ ಅರಿಷಿಣ ಕುಂಕುಮ ಬಿಟ್ಟಳು, ತೆಂಗಿನಕಾಯಿ ಬಿಟ್ಟಳು, ಹಸಿರು ಸೀರೆಯನ್ನು ನೀರಿಗೆ ಬಿಡತೊಡಗಿದಳು. ಅದು ದೋಣಿಯ ಪಕ್ಕದಲ್ಲಿ ತೇಲಲಿಲ್ಲ. ಓಡುವ ದೋಣಿಯಿಂದ ಬಿಟ್ಟದ್ದು ಹಿಂದಕ್ಕೇ ಹೋಗುತ್ತದೆ. ಹಿಂದೆ ಪಂಖವಿತ್ತು.

ಒಂದು ಗೊರಕೆಯಂಥ ಸದ್ದು. ಕಾಶವ್ವ ಕೂತಲ್ಲಿಂದ ಎದ್ದಳು ಅಂದುಕೊಂಡೆ. ಎದ್ದದ್ದಲ್ಲ, ಎಳೆಯಲ್ಪಟ್ಟದ್ದು. ಹಸಿರು ಸೀರೆ ಪಂಖಕ್ಕೆ ಸುತ್ತಿ ಮುಗಿದು ಅವಳ ಸೆರಗನ್ನು ಎಳೆಯುತ್ತಿತ್ತು. ಹಿಂಬದಿಯ ಹಲಗೆಗೆ ಅವಳ ಎದೆ ಬಡಿಯಿತು. ತಲೆ ಹಲಗೆಯಾಚೆ ನೀರಿನ ಮೇಲೆ ಬಾಗಿತು. ಅಷ್ಟರಲ್ಲಿ ಮೋಟಾರು ಉಸಿರುಗಟ್ಟಿ ನಿಂತಿತು. ಇಲ್ಲದಿದ್ದರೆ ಅವಳು ಪಂಖದವರೆಗೂ ಹೋಗುತ್ತಿದ್ದಳು.

ನಾನೂ ಯಮನಪ್ಪನೂ ಒಟ್ಟಿಗೆ ಹಿಂದಕ್ಕೆ ಧಾವಿಸಿದೆವು. ಹಿಂಬದಿ ತಗ್ಗಿ, ಹಲಗೆಯ ಮೇಲಿಂದ ನೀರು ನುಗ್ಗಿತು. ಕಾಶವ್ವನ ಮುಖ ಮುಳುಗಿತು.

“ಮುಂದ ಹೋಗ್ರಿ! ಮುಂದ!” ಎಂದು ಸಾವಂತರು ಚೀರಿದರು. ನಾವು ಮುಂದಕ್ಕೆ ಬಿದ್ದೆವು. ದೋಣಿ ಎದ್ದಿತು, ಅವಳ ಮುಖ ನೀರಿನಿಂದ ಹೊರಬಂತು. ಅವಳು ಕೆಮ್ಮಿದ ಸದ್ದು ಕೇಳಿ ನನಗೆ ಜೀವ ಬಂತು. ಆದರೆ ಆಗಲೇ ನನಗೆ ತಿಳಿದುಹೋಗಿತ್ತು: ಅವಳ ಬಳಿ ಹೋದರೆ ಅವಳು ಮುಳುಗುತ್ತಾಳೆ. ಹೋಗದಿದ್ದರೆ ಅವಳನ್ನು ಬಿಡಿಸುವವರಿಲ್ಲ. ಸಾವಂತರು ಒಂದು ಕೈಯಿಂದ ಅವಳ ಭುಜ ಹಿಡಿದು ಇನ್ನೊಂದರಿಂದ ಗಂಟು ಬಿಚ್ಚಲು ನೋಡುತ್ತಿದ್ದರು. ನೆನೆದು ಬಿಗಿದ ಗಂಟು ಕಲ್ಲಾಗಿತ್ತು. ಕೊಯ್ಯಲು ಏನೂ ಇರಲಿಲ್ಲ. ನಾನು ನನ್ನ ಜೇಬುಗಳನ್ನೆಲ್ಲ ತಡಕಿದೆ. ಪೆನ್ನು ಸಿಕ್ಕಿತು.

ಮೋಟಾರು ನಿಂತ ದೋಣಿಯನ್ನು ಹೊಳೆ ತನ್ನಿಷ್ಟದಂತೆ ತಿರುಗಿಸಿ ಕೆಳಗೆ ಒಯ್ಯತೊಡಗಿತು. ಕೆಳಗೆ ಬಂಡೆಗಳ ಸಾಲಿತ್ತು. ನೀರು ಅಲ್ಲಿ ಬೆಳ್ಳಗಾಗಿ ಮುರಿಯುವುದು ಕಾಣುತ್ತಿತ್ತು. ದಂಡೆಯಿಂದ ಎರಡು ಹರಿಗೋಲು ಹೊರಟವು. ಮುಂದಿನದರಲ್ಲಿದ್ದವನು ಭೀಮಶಿ, ಯಮನಪ್ಪನ ತಮ್ಮನ ಮಗ. ಹುಟ್ಟು ಹಾಕುವುದರಲ್ಲಿ ಆ ಊರಿಗೇ ಗಟ್ಟಿಗ.

ಆಗ ಕಾಶವ್ವ ಮಾತಾಡಿದಳು. ಹಲಗೆಗೆ ಒತ್ತಿಕೊಂಡ ಎದೆಯಿಂದ ಮಾತು ತುಂಡುತುಂಡಾಗಿ ಬಂತು.

“ಮಾವಾ, ಆ ಕಡೆ ಮಾರಿ ಮಾಡ್ರಿ. ಸಾಹೇಬ್ರ, ನೀವೂ. ಸೀರಿ ಬಿಚ್ಚತೇನಿ.”

ಯಮನಪ್ಪ ಒಡನೆ ಅತ್ತ ತಿರುಗಿದ. ನಾನೂ ತಿರುಗಿದೆ. ಸಾವಂತರು ಅವಳ ಭುಜ ಬಿಡದೆ ಕಣ್ಣು ಮುಚ್ಚಿದರಂತೆ. ಆ ಹೊತ್ತು ನನ್ನ ಕಣ್ಣೆದುರು ಇದ್ದದ್ದು ಆಚೆ ದಂಡೆಯ ಜಾಲಿಮರಗಳು ಮಾತ್ರ. ಇಂದಿಗೂ ನಾನು ಆ ಮಧ್ಯಾಹ್ನವನ್ನು ಕಣ್ಣಿನಿಂದ ನೆನೆಯುವುದಿಲ್ಲ, ಕಿವಿಯಿಂದ ನೆನೆಯುತ್ತೇನೆ. ಹಲಗೆಗೆ ಬಳೆ ಒಡೆದ ಸದ್ದು. ಒದ್ದೆ ಬಟ್ಟೆ ಮೈಯಿಂದ ಕೀಳುವ ಸದ್ದು. ನೀರು ಬಂದು ಅವಳ ಬಾಯಿ ಮುಚ್ಚಿದಾಗಿನ ಮೌನ, ಮತ್ತೆ ಉಸಿರು. ಮತ್ತೆ ಮೌನ. ಈ ಸಲ ಅದು ಬಹಳ ಹೊತ್ತು ಇತ್ತು. ಕೊನೆಗೆ ದಪ್ಪೆಂದು ದೋಣಿಯೊಳಗೆ ಬಿದ್ದ ಸದ್ದು. ದೋಣಿಯ ಹಿಂಬದಿ ಮೇಲೆದ್ದಿತು. ಅವಳು ಬಿಡಿಸಿಕೊಂಡಿದ್ದಳು.

ಬದುಕಿದೆವು ಎಂದುಕೊಂಡು ಹರಿಗೋಲುಗಳ ಕಡೆ ನೋಡಿದೆ. ಅವು ನಿಂತಿದ್ದವು. ಹುಟ್ಟು ಮೇಲೆತ್ತಿ ಹಿಡಿದು, ಭೀಮಶಿ ನಮಗೆ ಬೆನ್ನು ಮಾಡಿ ಕುಳಿತಿದ್ದ. ಹಿಂದಿನ ಹರಿಗೋಲಿನವನೂ ಹಾಗೆಯೇ. ದಂಡೆಯ ಮೇಲೂ ಗಂಡಸರೆಲ್ಲ ಊರಿನ ಕಡೆ ಮುಖ ತಿರುಗಿಸಿದ್ದರು. ಕುಪ್ಪಸ, ಲಂಗದಲ್ಲಿದ್ದ ಹೆಣ್ಣುಮಗಳ ಮಾನಕ್ಕಾಗಿ ಅಷ್ಟೂ ಜನ ತಮಗೆ ತಿಳಿದ ಮರ್ಯಾದೆಯನ್ನು ಪಾಲಿಸುತ್ತಿದ್ದರು. ಬಂಡೆಗಳ ಸದ್ದು ಈಗ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಕೂಗಿದೆ. ಯಾರೂ ತಿರುಗಲಿಲ್ಲ.

“ಏ ಭೀಮಶಿ! ಈ ಕಡೆ ನೋಡೋ!” ಕಾಶವ್ವ ಕಿರುಚಿದಳು. “ಬೆನ್ನ ತೋರಿಸಿಕೋತ ಕುಂತಿ, ಹೆಣಾ ಆರಿಸಾಕ ಬರ್ತಿಯೇನು?”

“ವೈನಿ, ಹ್ಯಾಂಗ ನೋಡ್ಲಿ?” ಬೆನ್ನಿನಿಂದಲೇ ಅತ್ತಿಗೆಗೆ ಉತ್ತರ ಬಂತು. ಅವನ ದನಿಯಲ್ಲಿ ಅಳು ಇತ್ತು. “ದೊಡ್ಡಪ್ಪ ಅಲ್ಲೇ ಕುಂತಾನ!”

ಯಮನಪ್ಪ ನನ್ನ ಪಕ್ಕದಲ್ಲೇ ಇದ್ದ. ಎರಡೂ ಕೈಯಿಂದ ದೋಣಿಯ ಅಂಚು ಹಿಡಿದು ಆಚೆ ದಂಡೆಯನ್ನೇ ನೋಡುತ್ತಿದ್ದ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಹೊಳೆಯದೋ ಕಣ್ಣಿನದೋ ಹೇಳಲಾರೆ. ಸೊಸೆ ಮದುವೆಯಾಗಿ ಬಂದಂದಿನಿಂದ ಅವಳ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಅವನು ನೋಡಿರಲಿಕ್ಕಿಲ್ಲ.

“ಮಾವಾ, ಮದ್ಲ ನೀವು ತಿರುಗ್ರಿ” ಎಂದಳು ಕಾಶವ್ವ. ಈಗ ಅವಳು ಕಿರುಚಲಿಲ್ಲ. “ನೀವು ನೋಡಿದ್ರ ಅವ್ರೂ ನೋಡ್ತಾರ. ನನಗ ಎರಡು ಕೂಸು ಅದಾವ್ರಿ ಮಾವಾ.”

ಅವನು ಅಲುಗಾಡಲಿಲ್ಲ. ಅಷ್ಟರಲ್ಲಿ ದೋಣಿಯ ತಳಕ್ಕೆ ಮೊದಲ ಕಲ್ಲು ತಾಗಿತು. ಮೋಟಾರನ್ನು ಮೇಲೆತ್ತಲು ಹೆಣಗುತ್ತಿದ್ದ ಸಾವಂತರ ಕೈ ಕಲ್ಲಿಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿತು. ಅವರ ಕೂಗಿಗೆ ಯಮನಪ್ಪ ತಿರುಗಿದ. ಸಾವಂತರನ್ನಲ್ಲ, ಸೊಸೆಯನ್ನು ನೇರವಾಗಿ ನೋಡಿದ. ತಲೆಯ ಮೇಲಿನ ರುಮಾಲು ಬಿಚ್ಚಿ ಅವಳ ಕಡೆ ಎಸೆದ. “ಸುತ್ತಿಗೋ ಮಗಳ” ಎಂದ. ಆಮೇಲೆ ಆ ಮುದುಕನ ಗಂಟಲಿನಲ್ಲಿ ಅಂಥ ದನಿ ಇತ್ತೆಂದು ನಾನು ನಂಬಲಾರದಂತೆ ಕೂಗಿದ:

“ಭೀಮಶಿ! ನಾ ನೋಡಾಕತ್ತೇನಿ! ನೀನೂ ನೋಡು! ಇಕಿ ನನ್ನ ಮಗಳು! ಹುಟ್ಟ ಹಾಕಲೇ!”

ಭೀಮಶಿ ತಿರುಗಿದ. ಅವನು ಹುಟ್ಟು ಹಾಕಿದ ರೀತಿಯನ್ನು ನಾನು ವರ್ಣಿಸಲಾರೆ. ಹರಿಗೋಲು ಹತ್ತಿರ ಬಂತು, ಆದರೆ ಬಂಡೆಗಳ ನಡುವಿನ ನೀರು ಅದನ್ನು ಮತ್ತೆ ಮತ್ತೆ ದೂರ ತಳ್ಳುತ್ತಿತ್ತು. ಚಾಚಿದ ಕೈಗೆ ಕೈ ಎಟುಕುತ್ತಿರಲಿಲ್ಲ. ಕಾಶವ್ವ ಮಾವನ ರುಮಾಲನ್ನು ಮೈಗೆ ಸುತ್ತಿಕೊಂಡಿರಲಿಲ್ಲ. ಅದರ ಒಂದು ತುದಿಯನ್ನು ಮುಂಗೈಗೆ ಸುತ್ತಿ, ಉಳಿದದ್ದನ್ನು ಉಂಡೆ ಮಾಡಿ ಭೀಮಶಿಯ ಕಡೆ ಎಸೆದಳು. ಮೊದಲ ಸಲ ನೀರಿಗೆ ಬಿತ್ತು. ಎಳೆದುಕೊಂಡು ಮತ್ತೆ ಎಸೆದಳು. ಅವನು ಹಲ್ಲಿನಿಂದ ಕಚ್ಚಿ ಹಿಡಿದ. ಎರಡೂ ಅಂಚುಗಳು ಕೂಡಿದ ಒಂದೊಂದೇ ಗಳಿಗೆಯಲ್ಲಿ ನಾವು ಒಬ್ಬೊಬ್ಬರಾಗಿ ಹರಿಗೋಲಿಗೆ ಉರುಳಿದೆವು: ಮೊದಲು ಕೈ ಜಜ್ಜಿದ ಸಾವಂತರು, ಆಮೇಲೆ ನಾನು, ಆಮೇಲೆ ಯಮನಪ್ಪ. ಕಡೆಯವಳು ಅವಳು. ಎರಡನೆಯ ಹರಿಗೋಲಿನವನು ನಮ್ಮನ್ನು ಹಿಂದಕ್ಕೆಳೆಯುತ್ತಿದ್ದಾಗ ದೋಣಿ ಬಂಡೆಗೆ ಅಪ್ಪಳಿಸಿ ಎರಡಾಯಿತು. ಮೋಟಾರು ಸೀರೆ ಸಮೇತ ತಳಕ್ಕೆ ಹೋಯಿತು.

ದಂಡೆಗೆ ಬಂದಾಗ ಹೆಂಗಸರು ಓಡಿಬಂದು ಕಾಶವ್ವನಿಗೆ ಕೌದಿ ಹೊದಿಸಿ ಕರೆದೊಯ್ದರು. ಸಾವಂತರ ಎರಡು ಬೆರಳುಗಳನ್ನು ಉಳಿಸಲಾಗಲಿಲ್ಲ. ಯಮನಪ್ಪ ಬರಿತಲೆಯಲ್ಲಿ ಹೊಳೆಗೆ ಬೆನ್ನು ಮಾಡಿ ಕುಳಿತ. ನೀರು ಕೊಟ್ಟರೆ ಕುಡಿಯಲಿಲ್ಲ. ಪ್ರದರ್ಶನ ಅಲ್ಲಿಗೇ ಮುಗಿಯಿತು.

ತಿಂಗಳುಗಳ ನಂತರ ತಂಗಡಗಿಗೆ ಹೋದೆ. ಹೋಗಲು ನನಗೆ ಅಷ್ಟು ದಿನ ಬೇಕಾಯಿತು. ಕಾಶವ್ವ ಅಂಗಳದಲ್ಲಿ ಕುಳಿತು ನೈಲಾನ್ ಬಲೆಯ ತೂತು ಹೆಣೆಯುತ್ತಿದ್ದಳು. ಯಮನಪ್ಪ ಅಲ್ಲೇ ಕಟ್ಟೆಯ ಮೇಲಿದ್ದ.

“ಬಲಿ ಚೊಲೊ ಐತ್ರಿ ಸಾಹೇಬ್ರ” ಎಂದಳು. “ಮೋಟಾರ ಮಾತ್ರ ತರಬ್ಯಾಡ್ರಿ. ಹೊಳ್ಯಾಗ ಒಂದು ಐತಿ, ಸಾಕು.”

ಉಡಿ ತುಂಬುವುದನ್ನು ನಿಲ್ಲಿಸಿದಿರಾ ಎಂದು ಹೆದರುತ್ತ ಕೇಳಿದೆ. ಉತ್ತರ ಯಮನಪ್ಪನಿಂದ ಬಂತು. “ಬಿಡಾಕ ಬರ್ತೈತೇನ್ರಿ? ತುಂಬತಾಳ. ಗಂಟ ಹಾಕೂದು ಬ್ಯಾಡ ಅಂದೇನಿ, ಅಷ್ಟ.”

ನಾನು ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಕೆಲಸದಲ್ಲಿದ್ದೆ. ಮೋಟಾರುಗಳು ಬಂದವು, ಕೆರೆಗಳಿಗೂ ಬಂದವು. ಪ್ರಾತ್ಯಕ್ಷಿಕೆಗೆ ಮೊದಲು ದೋಣಿಯಲ್ಲಿ ಹುಟ್ಟು, ಹಗ್ಗ, ಚೂರಿ ಇವೆಯೇ ನೋಡುವುದು ಯಾರಾದರೂ ಕಲಿಯಬಹುದಾದ ಪಾಠ. ಕೃಷ್ಣೆ ನನಗೆ ಕಲಿಸಿದ್ದು ಬೇರೆ. ಈಜು ಬಲ್ಲ ಗಟ್ಟಿಗರು ಎಷ್ಟೇ ಜನ ಇರಲಿ, ಅವರು ಯಾರ ಅಪ್ಪಣೆಗೆ ಕಾಯುತ್ತಾರೆ ಎಂಬುದನ್ನು ಮೊದಲೇ ತಿಳಿದಿರಬೇಕು. ಅದಕ್ಕೇ ಯಂಕಂಚಿಯಲ್ಲಾಗಲಿ, ತಾಂಬಾದಲ್ಲಾಗಲಿ, ಜನ ಸೇರಿದ ಕೂಡಲೇ ನಾನು ಅವರಲ್ಲಿ ಹಿರಿಯನನ್ನು ಮುಂದಕ್ಕೆ ಕರೆಯುತ್ತಿದ್ದೆ. ನೀರಿನಲ್ಲಿ ಜೀವಕ್ಕೆ ಕುತ್ತು ಬಂದಾಗ ಯಾರು ಯಾರನ್ನು ಬೇಕಾದರೂ ನೋಡಬಹುದು, ಮುಟ್ಟಬಹುದು ಎಂದು ಹೆಂಗಸರೂ ಗಂಡಸರೂ ಕೇಳುವಂತೆ ಅವನ ಬಾಯಿಂದಲೇ ಹೇಳಿಸುತ್ತಿದ್ದೆ. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಹಿರಿಯರು ನಾಚಿಕೊಂಡು ಅತ್ತಿತ್ತ ನೋಡುತ್ತಿದ್ದರು, ಕೆಲವರು ಸಿಟ್ಟಾಗುತ್ತಿದ್ದರು. ಅವರು ಹೇಳಿ ಮುಗಿಸುವವರೆಗೆ ನಾನು ಮೋಟಾರಿನ ಹಗ್ಗ ಎಳೆಯಲು ಯಾರಿಗೂ ಬಿಡುತ್ತಿರಲಿಲ್ಲ.