ಹೆಗಲಲ್ಲ, ತೋಳು

ಎಂಬತ್ತರ ದಶಕದ ಕೊನೆಗೆ ಮುಲುಂಡಿನ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ಧಾರವಾಡದ ಕಡೆಯ ಫಿಜಿಯೋಥೆರಪಿಸ್ಟ್ ಹೆಂಗಸೊಬ್ಬರಿದ್ದರು. ನನ್ನ ಬಲಭುಜ ಬಿಗಿದುಕೊಂಡು, ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಕೆಗೆ ಕೈ ಏಳದಂತಾದಾಗ, ಆಫೀಸಿಗೆ ರಜೆ ಹಾಕಿ ಅವರ ಮುಂದೆ ನಿಂತೆ. ರಜೆ ಮುಗಿಯುವಷ್ಟರಲ್ಲಿ ಕೈ ಎದ್ದರೆ ಸರಿ, ಇಲ್ಲವಾದರೆ ಆ ನೂಕುನುಗ್ಗಲಿನಲ್ಲಿ ನಿಂತು ಓಡಾಡಲಾಗದೆ ನೌಕರಿ ಬಿಡುವುದೇ.

"ತೋಳು ಮುಂದಿನಿಂದ ಮ್ಯಾಲೆ ಹೋದ್ರ ಫ್ಲೆಕ್ಷನ್, ಪಕ್ಕದಿಂದ ಹೋದ್ರ ಅಬ್ಡಕ್ಷನ್. ಹೇಳ್ರಿ!" ಹೆಸರು ಹೇಳದೆ ತೋಳೆತ್ತುವ ಹಾಗಿರಲಿಲ್ಲ. ನಾನು ಸೊಂಟ ವಾಲಿಸಿ, ಹೆಗಲನ್ನು ಕಿವಿಯವರೆಗೆ ಏರಿಸಿ ಎತ್ತಿದರೆ, ಎರಡೇ ಬೆರಳಿನಿಂದ ಅದನ್ನು ಕೆಳಗೊತ್ತುತ್ತಿದ್ದರು. "ಹೆಗಲ ಅಲ್ರೀ ಅಕ್ಕಾರ, ತೋಳು! ಯಾರಿಗೆ ಮೋಸ ಮಾಡ್ತೀರಿ?" ದಿನಕ್ಕೆ ಹತ್ತು ಸಲವಾದರೂ ಇದೇ ಮಾತು.

ರಜೆಯ ಕೊನೆಯ ದಿನ ಅವರೇ ನನ್ನನ್ನು ಮುಂದಿನ ಸ್ಟೇಷನ್ನಾದ ಭಾಂಡುಪ್‌ವರೆಗೆ ಲೋಕಲ್‌ನಲ್ಲಿ ಕರೆದೊಯ್ದರು. ಮಧ್ಯಾಹ್ನದ ಗಾಡಿ, ಸೀಟುಗಳು ಬಹುತೇಕ ಖಾಲಿ.

"ಕೂತ್ರ ಫೇಲ್ ರೀ," ಎಂದರು.

ಸೊಂಟ ನೆಟ್ಟಗಿಟ್ಟುಕೊಂಡು "ಫ್ಲೆಕ್ಷನ್" ಎನ್ನುತ್ತ ತೋಳೆತ್ತಿದೆ. ಎದುರು ಕೂತಿದ್ದ ಹೂಬುಟ್ಟಿಯ ಮರಾಠಿ ಹೆಂಗಸು ಹೆದರಿ ಆಚೆ ಸರಿದಳು. ಹಿಡಿಕೆ ಸಿಕ್ಕಿತು. ಗಾಡಿ ಜೋರಾಗಿ ಜಗ್ಗಿದರೂ ನಾನು ಬಿಡಲಿಲ್ಲ. ಹಿಡಿಕೆ ಎಟುಕದಷ್ಟು ಕುಳ್ಳಗಿದ್ದ ಫಿಜಿಯೋಥೆರಪಿಸ್ಟರೇ ತೂರಾಡಿ ಬಂದು ನನ್ನ ಸೊಂಟ ತಬ್ಬಿಕೊಂಡು ಕೂಗಿದರು: "ಬಿಡಬ್ಯಾಡ್ರೀ ಅಕ್ಕಾರ, ನಿಮ್ಮ ತೋಳಿನ ಮ್ಯಾಲೇ ಇಬ್ಬರೂ ನಿಂತೀವಿ!"