ಕರಗದೆ ಕುಸಿಯುವ ಮಂಜುಗಡ್ಡೆ

ನಾನು ಓದಿದ್ದು ಮೂರನೇ ಕ್ಲಾಸು. ಹೊಸಪೇಟೆಯ ಐಸ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಗಡ್ಡೆ ಎಳೆದೆ. ಸಂಡೂರಿನಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ಆ ವರ್ಷಗಳಲ್ಲಿ, ಗಡ್ಡೆ ಮುಚ್ಚಲು ಕಂಪ್ಲಿಯ ಮಿಲ್ಲಿನಿಂದ ತಂದ ಭತ್ತದ ಹೊಟ್ಟೂ ಅದರ ಧೂಳಿಗೆ ಕೆಂಪಗಾಗುತ್ತಿತ್ತು. ಹೆಂಡತಿ ಹೋದ ಮೇಲೆ ನನಗೆ ಮಾತಿಗೆ ಉಳಿದದ್ದು ಆ ಗಡ್ಡೆಗಳೇ.

ಮೊಮ್ಮಗಳು ದೂರದ ಹಾಸ್ಟೆಲಿನಿಂದ ಎರಡು ದಿನಕ್ಕೆ ಬಂದಳು. ದೊಡ್ಡ ಪರೀಕ್ಷೆ, ದೊಡ್ಡವರ ಎದುರು ನಿಂತು ಬಾಯಲ್ಲೇ ಉತ್ತರ ಹೇಳಬೇಕಂತೆ. ತಪ್ಪಿದರೆ ಐದು ವರ್ಷದ ಓದು ಹಾಳು. ಮಾತು ತಡವರಿಸುವ ಹುಡುಗಿ, ನನ್ನ ಮುಂದೆ ರೂಢಿ ಮಾಡಿಕೊಳ್ಳಲು ಫ್ಯಾಕ್ಟರಿಗೇ ಬಂದು ಹೊಟ್ಟಿನ ಚೀಲದ ಮೇಲೆ ಕುಳಿತಳು.

“ತಾತ, ನೀರಿನ ಕಣ ಒಂದಕ್ಕೊಂದು ಕೈ ಹಿಡಕೊಂಡು ಗೂಡು ಕಟ್ತಾವ. ಒಳಗ ಗ್ಯಾಸಿನ ಕಣ ಕುಂತಿರ್ತದ. ಅಂಥ ಗೂಡು ಸಾಲುಸಾಲು. ಕ್ಲಾತ್ರೇಟ್ ಹೈಡ್ರೇಟ್ ಅಂತಾರ. ಜೋರು ಒತ್ತಿದ್ರ ಆ ಸಾಲು ಕೆಡ್ತದ.”

“ಕೆಡೋದೇನು, ನೀರಾಗ್ತದ! ಗಡ್ಡಿ ಮ್ಯಾಲ ಗಡ್ಡಿ ಒಟ್ಟಿದ್ರ ತಳಗಿಂದು ಕರಗಿ ಅಂಟ್ಕಂತದ. ನನಗ ಐಸು ಕಲಿಸ್ತಿಯೇನವ್ವಾ?”

“ನಿಂದು ಕರಗಾಕ ಕಾಯ್ಕಂತ ಕುಂತ ಐಸು. ನಂದು ಅದಕ್ಕಿಂತ ಭಾಳ ಭಾಳ ಥಂಡಿ. ಕರಗಂಗಿಲ್ಲ, ಗಟ್ಟೀನ ಇರ್ತದ. ಒಳಗಿನ ಗೂಡು ಮಾತ್ರ ಕುಸಿದು ಗಾಜಿನಂಗ ಗಜಿಬಿಜಿ ಆಗ್ತದ.”

ಜೀವನವೆಲ್ಲ ಗಡ್ಡೆ ಕರಗೀತೆಂದು ಹೆದರಿದವನು ನಾನು. ಕರಗದೆಯೂ ಕೆಡುತ್ತದೆಂದು ಗೊತ್ತಿರಲಿಲ್ಲ.

“ಹಂಗಾರ ಗೂಡು ಬಿದ್ರ ಒಳಗ ಕುಂತಿದ್ದು ಎಲ್ಲಿ ಹೋಗ್ತದ?”

ಅವಳು ಪುಸ್ತಕ ತೆಗೆದಳು. ಮರುದಿನ ಪೂರ್ತಿ ಪುಸ್ತಕ ತಿರುವಿ, ಬಸ್ಸು ಹತ್ತುವಾಗ ಹೇಳಿದಳು: “ಹೊರಗ ಹೋಗಂಗಿಲ್ಲ ತಾತ. ಅಲ್ಲೇ ಸಿಕ್ಕೊಂಡಿರ್ತದ. ಅದು ಇರೋದಕ್ಕ ಗೂಡು ಪೂರಾ ಚಪ್ಪಟಿ ಆಗಂಗಿಲ್ಲ.”

ಬಸ್ಸು ಹೋಯಿತು. ಅವಳು ಕುಳಿತಿದ್ದ ಚೀಲದ ತಗ್ಗು ಹಾಗೇ ಇತ್ತು. ನಾನು ಅದರ ಮೇಲೆ ಏನನ್ನೂ ಇಡಲಿಲ್ಲ.

ಹದಿನೈದು ದಿನಕ್ಕೆ ಫ್ಯಾಕ್ಟರಿಯ ಫೋನು ಬಡಿದುಕೊಂಡಿತು. “ತಾತ, ಪಾಸು! ಮೊದಲು ಕೇಳಿದ್ದೇ ನಿನ್ನ ಪ್ರಶ್ನೆ! ಒಂದು ಸಲಾನೂ ತಡವರಿಸಲಿಲ್ಲ!”

ಫೋನು ಇಟ್ಟು ಸುತ್ತ ನೋಡಿದೆ. ಯಾರಿಗೆ ಹೇಳಲಿ? ಊಟದ ಹೊತ್ತು, ಎಲ್ಲರೂ ಮನೆಗೆ ಹೋಗಿದ್ದರು. ಅಷ್ಟರಲ್ಲಿ ಮೀನಿನ ಅಂಗಡಿಯವನು ಆಟೋ ತಂದು ನಿಲ್ಲಿಸಿದ.

“ನನ್ನ ಮೊಮ್ಮಗಳು ಪಾಸಾದಳಪ್ಪಾ! ಪ್ರಶ್ನೆ ನಂದು!”

“ಹೌದ್ರಿ? ಮಸ್ತ್ ಆತು ಬಿಡ್ರಿ. ಜಲ್ದಿ ಗಡ್ಡಿ ಹಾಕ್ರಿ, ಮೀನು ಕೆಡ್ತಾವ.”

ಅವನು ಇನ್ನೊಂದು ಗಳಿಗೆ ನಿಲ್ಲಲಿ ಎಂದು ಒಂದು ತುಂಡು ಹೆಚ್ಚಿಗೆ ಒಡೆದು ಹಾಕಿದೆ. ನಿಲ್ಲಲಿಲ್ಲ. ಉಳಿದ ಗಡ್ಡೆಗಳಿಗೆ ಹೊಟ್ಟು ಮುಚ್ಚುತ್ತ, ಒಂದೊಂದಕ್ಕೂ ಬೇರೆಬೇರೆಯಾಗಿ ಹೇಳಿದೆ, ಮೊದಲಿನಿಂದ.